ಅಭಿವೃದ್ಧಿಶೀಲ ದೇಶದ 'ಶೀಲ' ಯಾವ ಶೀಲ?

ಗೆಳೆಯರೇ,

ಒಂದು ಲೇಖನದ ಕರಡು ತಿದ್ದುತ್ತಾ ಕೂತಿದ್ದೆ. ಸಿರಿವಂತ ದೇಶಗಳಿಗೂ ಬಡ ದೇಶಗಳಿಗೂ ಇರುವ ಅಂತರದ ಬಗ್ಗೆ ಬರೆದದ್ದು. ಮೊದಲ ಸಾಲಿನಲ್ಲೇ 'ಅಭಿವೃದ್ಧಿ ಹೊಂದಿದ ದೇಶಗಳು', 'ಅಭಿವೃದ್ಧಿಶೀಲ ದೇಶಗಳು' ಎಂದಿತ್ತು. ಎರಡನೆಯದನ್ನು ಹೊಡೆದುಹಾಕಿ 'ಮುಂದುವರಿಯುತ್ತಿರುವ ದೇಶಗಳು' ಎಂದು ಬರೆದೆ. ಬರೆದ ಹುಡುಗಿ ಒಪ್ಪಲಿಲ್ಲ. ಪಾಠದ ಪುಸ್ತಕದಲ್ಲಿ ಹಾಗೇ ಇದೆ, ಪೇಪರಿನಲ್ಲೂ ಹಾಗೇ ಬರುತ್ತದೆ, ನಿಮಗೇನು ತೊಂದರೆ ಎಂದಳು. ಆಗ ಉತ್ತರ ಹೊಳೆಯಲಿಲ್ಲ. ಈಗ ಸ್ವಲ್ಪ ಹೊಳೆದಿದೆ. ಹೊಳೆದದ್ದು ಸರಿಯೋ ತಪ್ಪೋ ನೀವು ಹೇಳಬೇಕು.

ನನ್ನ ತಕರಾರು ಇರುವುದು 'ಶೀಲ'ದ ಮೇಲೆ. ಆಡುಮಾತಿನಲ್ಲಿ ಶೀಲ ಅಂದರೆ ನಡತೆ, ಹಳೇ ಸಿನಿಮಾಗಳಲ್ಲಿ ಸದಾ ಅಪಾಯದಲ್ಲಿರುತ್ತಿದ್ದ ವಸ್ತು. ಅದನ್ನು ಬಿಡಿ. ಪದದ ಕೊನೆಗೆ ಬಂದಾಗ ಅದಕ್ಕೆ 'ಅದೇ ಸ್ವಭಾವದ' ಅನ್ನುವ ಅರ್ಥ ಅಲ್ವಾ? ದಾನಶೀಲ ಅಂದರೆ ಈಗ ದಾನ ಮಾಡುತ್ತಾ ನಿಂತಿರುವವನಲ್ಲ, ಕೊಡುವುದೇ ಅವನ ಗುಣ. ಸಹನಶೀಲ, ಚಿಂತನಶೀಲ, ಎಲ್ಲವೂ ಹಾಗೆಯೇ. ವಿಕಿರಣಶೀಲ ಎಂಬುದನ್ನೇ ನೋಡಿ. ವಿಕಿರಣ ಸೂಸುವುದು ಯುರೇನಿಯಂನ ಹುಟ್ಟುಗುಣ, ಮುಂದಿನ ಬಜೆಟ್ ಹೊತ್ತಿಗೆ ಮುಗಿಸಿ ಕೈತೊಳೆದುಕೊಳ್ಳುವ ಕೆಲಸವಲ್ಲ. ಹಾಗಾದರೆ ಅಭಿವೃದ್ಧಿಶೀಲ ದೇಶ ಅಂದರೆ ಯಾವಾಗಲೂ ಅಭಿವೃದ್ಧಿ ಆಗುತ್ತಲೇ ಇರುವ, ಎಂದೂ ಆಗಿ ಮುಗಿಯದ ದೇಶ ಅಂತ ಆಗುವುದಿಲ್ಲವೇ? ಹಿಂದಿಯ 'ವಿಕಾಸಶೀಲ' ನೋಡಿ ಮಾಡಿಕೊಂಡದ್ದು ಎಂದು ನನ್ನ ಗುಮಾನಿ.

ದಕ್ಷಿಣ ಕೊರಿಯಾವನ್ನು ತೆಗೆದುಕೊಳ್ಳಿ. 1953ರಲ್ಲಿ ಯುದ್ಧ ನಿಂತಾಗ ಅದು ಜಗತ್ತಿನ ಕಡು ಬಡ ದೇಶಗಳಲ್ಲಿ ಒಂದು. 1996ರಲ್ಲಿ ಸಿರಿವಂತ ದೇಶಗಳ ಕೂಟವಾದ ಒಇಸಿಡಿಗೆ ಸೇರಿತು. ಆದರೂ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಬೇಸಾಯದ ಮಾತು ಬಂದಾಗ 'ನಾವಿನ್ನೂ ಅಭಿವೃದ್ಧಿಶೀಲರು' ಎಂದೇ ಹೇಳಿಕೊಳ್ಳುತ್ತಿತ್ತು. ಮುಂದಿನ ಮಾತುಕತೆಗಳಲ್ಲಿ ಆ ಸವಲತ್ತು ಕೇಳುವುದಿಲ್ಲ ಎಂದದ್ದು 2019ರಲ್ಲಿ. ಆ ಸಂಸ್ಥೆಯಲ್ಲಿ ಇದಕ್ಕೆ ಅಳತೆಗೋಲೇ ಇಲ್ಲ, ನಾವು ಅಭಿವೃದ್ಧಿಶೀಲರು ಎಂದು ದೇಶಗಳು ತಾವೇ ಘೋಷಿಸಿಕೊಳ್ಳುತ್ತವೆ, ಘೋಷಿಸಿಕೊಂಡರೆ ಸುಂಕ ಇಳಿಸಲು ಜಾಸ್ತಿ ಸಮಯ ಸಿಗುತ್ತದೆ. ಸ್ವಭಾವವೂ ಅಲ್ಲ, ಸ್ಥಿತಿಯೂ ಅಲ್ಲ, ಒಂದು ಅರ್ಜಿ ಅಷ್ಟೇ.

ಇನ್ನು 'ಹಿಂದುಳಿದ'. ಹಳೆಯ ಬರಹಗಳಲ್ಲಿ 'ಹಿಂದುಳಿದ ದೇಶ' ಬೇಕಾದಷ್ಟು ಸಿಗುತ್ತದೆ. 1949ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ಅಧಿಕಾರ ವಹಿಸಿಕೊಂಡ ಭಾಷಣದಲ್ಲಿ 'ಅಂಡರ್‌ಡೆವಲಪ್ಡ್' ಜಾಗಗಳಿಗೆ ನೆರವು ಕೊಡುತ್ತೇವೆ ಎಂದರಲ್ಲ, ಆಮೇಲೆ ಎಲ್ಲ ಕಡೆ ಓಡಾಡಿದ ಆ ಪದಕ್ಕೆ ನಾವು ಹೆಚ್ಚಾಗಿ ಬಳಸಿದ್ದು ಇದನ್ನೇ. ಪದ ಅಚ್ಚಗನ್ನಡದ್ದು, ಬಾಯಿಗೂ ಸಲೀಸು. ಆದರೆ ಅದರೊಳಗೆ ಒಂದು ಆರೋಪ ಇದೆ. ಹಿಂದೆ ಉಳಿದದ್ದು ಅಂದರೆ ತಾನೇ ಉಳಿದುಕೊಂಡದ್ದು. ಯಾರೋ ಹಿಂದಕ್ಕೆ ತಳ್ಳಿದ್ದರೆ ಅದನ್ನು ಹೇಳಲು ಈ ಪದದಲ್ಲಿ ಜಾಗವೇ ಇಲ್ಲ. ಕಾಂಗೋದ ರಬ್ಬರನ್ನೂ ತಾಮ್ರವನ್ನೂ ಬೆಲ್ಜಿಯಂ ಹೊತ್ತೊಯ್ದ ಕಥೆ ಗೊತ್ತಿದ್ದವರು ಕಾಂಗೋ 'ಹಿಂದುಳಿಯಿತು' ಎಂದು ಸುಮ್ನೆ ಬರೆದು ಮುಂದೆ ಹೋಗುವುದು ಹೇಗೆ?

ಮೇಲಾಗಿ ನಮ್ಮಲ್ಲಿ ಆ ಪದ ಬೇರೆ ಕೆಲಸಕ್ಕೆ ನೇಮಕವಾಗಿಬಿಟ್ಟಿದೆ. ಮೀಸಲಾತಿಯ ವಿಚಾರಕ್ಕೆ ಬಂದ 1918ರ ಮಿಲ್ಲರ್ ಸಮಿತಿ, 1975ರ ಹಾವನೂರು ವರದಿ, ಇವೆಲ್ಲ ಆದಮೇಲೆ ಕರ್ನಾಟಕದಲ್ಲಿ ಹಿಂದುಳಿದ ಅಂದ ಕೂಡಲೇ ಕಿವಿಗೆ ಬೀಳುವುದು 'ವರ್ಗ'. ಅದು ಬಿಟ್ಟರೆ ತಾಲ್ಲೂಕು. 2002ರ ನಂಜುಂಡಪ್ಪ ವರದಿ ಆಗಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವು ಎಂದು ಗುರುತಿಸಿತು. ಅದರಲ್ಲೂ ಮೂರು ಮೆಟ್ಟಿಲು: ಹಿಂದುಳಿದ, ಅತಿ ಹಿಂದುಳಿದ, ಅತ್ಯಂತ ಹಿಂದುಳಿದ. ಅತಿಗೂ ಅತ್ಯಂತಕ್ಕೂ ಇರುವ ವ್ಯತ್ಯಾಸ ವರದಿ ಓದಿದವರಿಗೇ ಗೊತ್ತು, ನನ್ನ ಕಿವಿಗಂತೂ ಎರಡೂ ಒಂದೇ.

ನಾನೇ ತಿದ್ದಿ ಹಾಕಿದ 'ಮುಂದುವರಿಯುತ್ತಿರುವ' ಕೂಡ ಸಾಚಾ ಅಲ್ಲ, ಒಪ್ಪಿಕೊಳ್ಳುತ್ತೇನೆ. ಅದರ ಜೊತೆಗೂ ಜಾತಿಯ ನೆರಳು ಬರುತ್ತದೆ. ಇನ್ನೊಂದು, ನಮ್ಮ ಮನೆಯಲ್ಲಿ 'ಅವಳು ತುಂಬಾ ಮುಂದುವರಿದುಬಿಟ್ಟಿದ್ದಾಳೆ' ಎಂದರೆ ಅದು ಹೊಗಳಿಕೆಯಾಗಿರಲಿಲ್ಲ. ಧಾರಾವಾಹಿಯ ಕೊನೆಯ 'ಮುಂದುವರಿಯುವುದು' ಬೇರೆ ನೆನಪಾಗುತ್ತದೆ. (ದಯವಿಟ್ಟು ಯಾರೂ 'ಮುಂದುವರೆದ' ಎಂದು ಬರೆಯಬೇಡಿ. ಅದು ಪರಿ, ಹರಿ ಕುಲದ 'ವರಿ'. ಪರಿದು, ಹರಿದು ಇದ್ದ ಹಾಗೆ ಮುಂದುವರಿದು.)

'ವಿಕಸಿತ'ದ ಬಗ್ಗೆ ಒಂದೇ ಮಾತು. 2047ರ ಗುರಿ ಅಂತ 'ವಿಕಸಿತ ಭಾರತ' ಎಂಬ ಫಲಕಗಳು ಎಲ್ಲೆಡೆ ಇವೆ. ಕನ್ನಡದಲ್ಲಿ ವಿಕಸಿತ ಅಂದರೆ ಅರಳಿದ್ದು, ವಿಕಾಸ ಅಂದರೆ ಡಾರ್ವಿನ್ ಹೇಳಿದ್ದು. ನಮ್ಮದೇ ವಿಕಾಸಸೌಧ ಇದೆಯಲ್ಲ ಅನ್ನುತ್ತೀರಿ. ಇದೆ, ಆದರೆ 'ರಸ್ತೆ ವಿಕಾಸ ಆಗಿದೆ' ಅಂತ ಯಾರೂ ಅನ್ನುವುದನ್ನು ನಾನು ಕೇಳಿಲ್ಲ.

ಹುಡುಗಿ ಕೊನೆಗೆ ಒಂದು ದಾರಿ ಸೂಚಿಸಿದಳು. ವಿಶ್ವ ಬ್ಯಾಂಕ್ 2016ರಲ್ಲಿ ತನ್ನ ಅಂಕಿಅಂಶದ ಪುಸ್ತಕದಲ್ಲಿ 'ಅಭಿವೃದ್ಧಿ ಹೊಂದಿದ', 'ಅಭಿವೃದ್ಧಿಶೀಲ' ಎಂಬ ಎರಡು ಗುಂಪುಗಳನ್ನು ಕೈಬಿಟ್ಟಿತು. ತಲಾ ಆದಾಯ ನೋಡಿ ಕಡಿಮೆ, ಕೆಳ ಮಧ್ಯಮ, ಮೇಲ್ಮಧ್ಯಮ, ಹೆಚ್ಚು ಎಂದು ನಾಲ್ಕು ಮಾಡುತ್ತದೆ. ಹೆಚ್ಚುಕಡಿಮೆ 14,000 ಡಾಲರ್ ದಾಟಿದವರು ಮೇಲಿನ ಗುಂಪು. ನಾವು 2,500 ಡಾಲರ್ ಚಿಲ್ಲರೆ, ಹಾಗಾಗಿ ಕೆಳ ಮಧ್ಯಮ. ನನಗೆ ಇದು ಇಷ್ಟವಾಯಿತು, ಯಾಕೆಂದರೆ ಕೆಳ ಮಧ್ಯಮ ಅಂದರೆ ಏನು ಎಂದು ಕಂತು ಕಟ್ಟುವ ಯಾವ ಮನೆಗೂ ವಿವರಿಸಬೇಕಿಲ್ಲ.

ಆದರೆ ಲೇಖನ ಬರೀ ದುಡ್ಡಿನದ್ದಲ್ಲ, ಶಾಲೆ, ಆಸ್ಪತ್ರೆ, ಆಯಸ್ಸು ಎಲ್ಲ ಇದೆ. ಅಲ್ಲಿ ಆದಾಯದ ಹೆಸರು ಕೈಕೊಡುತ್ತದೆ. ಆಫ್ರಿಕಾದ ಈಕ್ವಟೋರಿಯಲ್ ಗಿನಿ ಎಣ್ಣೆ ಸಿಕ್ಕಿದ್ದರಿಂದ ಸಿರಿವಂತವಾಯಿತು. 2017ರಲ್ಲಿ ವಿಶ್ವಸಂಸ್ಥೆ ಅದನ್ನು ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ತೆಗೆಯಿತು, ತೆಗೆದದ್ದು ಆದಾಯ ನೋಡಿ. ಆರೋಗ್ಯ, ಓದಿನ ಅಂಕಗಳು ಪಟ್ಟಿ ದಾಟುವಷ್ಟು ಇರಲಿಲ್ಲ. ಇತ್ತ ಶ್ರೀಲಂಕಾ. ಕೋವಿಡ್ ಕಾಲದಲ್ಲಿ, 2021ರಲ್ಲಿ, ಅಮೆರಿಕದವರ ಸರಾಸರಿ ಆಯಸ್ಸು 76 ವರ್ಷದ ಸುಮಾರಿಗೆ ಇಳಿದಾಗ, ಹತ್ತಾರು ಪಟ್ಟು ಕಡಿಮೆ ಗಳಿಸುವ ಶ್ರೀಲಂಕಾದವರದ್ದೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಯಾರು ಹೊಂದಿದವರು, ಯಾರು ಶೀಲರು?

ಕಡೆಯದಾಗಿ ಧಾರವಾಡದ ಕಡೆಯವರಿಗೆ ಒಂದು ಪ್ರಶ್ನೆ. ಹಳಬರು 'ಸುಧಾರಿಸಿದ ದೇಶ' ಅನ್ನುತ್ತಿದ್ದರು, ಮರಾಠಿಯಿಂದ ಬಂದಿರಬೇಕು. ಈಗಲೂ ಮಾತಿನಲ್ಲಿ ಇದೆಯೇ? ಮೈಸೂರು ಕಡೆ ನಮಗೆ ಸುಧಾರಿಸಿಕೊಳ್ಳುವುದು ಅಂದರೆ ಮೆಟ್ಟಿಲು ಹತ್ತಿ ಬಂದು ಉಸಿರು ತಿರುಗಿಸಿಕೊಳ್ಳುವುದು. 2022ರಲ್ಲಿ ಸಾಲ ಕಟ್ಟಲಾಗದೆ ಕೈಚೆಲ್ಲಿದ ಶ್ರೀಲಂಕಾವನ್ನು 'ಸುಧಾರಿಸಿಕೊಳ್ಳುತ್ತಿರುವ ದೇಶ' ಎಂದು ಬರೆದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ?