‘ಅಡ್ಡಪರಿಣಾಮ’ ಎನ್ನಲಾಗದ ಪರಿಣಾಮಕ್ಕೆ ಏನೆನ್ನೋಣ? (ಟಿಬಿ ಮದ್ದು, ಕೆಂಪು ಮೂತ್ರ, ‘ಊಟಕ್ಕೆ ಮುಂಚೆ’)

ಎಲ್ಲರಿಗೂ ನಮಸ್ಕಾರ.

ನಾನು ಉಡುಪಿಯಲ್ಲಿ ಮೆಡಿಕಲ್ ಅಂಗಡಿ ನಡೆಸುವವಳು. ಕ್ಷಯದ ಮದ್ದು ತೆಗೆದುಕೊಳ್ಳುವವರ ಕೈಗೆ ಕೊಡಲು ಒಂದು ಪುಟದ ಕನ್ನಡ ಚೀಟಿ ಬರೆಯುತ್ತಿದ್ದೇನೆ. ಟಿಬಿ ಮದ್ದು ಸರಕಾರದಿಂದಲೇ ಉಚಿತವಾಗಿ ಸಿಗುತ್ತದೆ. ಆದರೂ ನಡುವೆ ಏನಾದರೂ ಸಂಶಯ ಬಂದರೆ ಜನ ಮೊದಲು ಬರುವುದು ಪಕ್ಕದ ಅಂಗಡಿಗೆ. ಅವರ ಪ್ರಶ್ನೆಗಳನ್ನು ಕೇಳಿ ಕೇಳಿ, ತೊಡಕು ಮದ್ದಿಗಿಂತ ಹೆಚ್ಚಾಗಿ ನಮ್ಮ ಪದಗಳಲ್ಲೇ ಉಂಟು ಎಂದು ನನಗೆ ಅನಿಸತೊಡಗಿದೆ.

ಮೊದಲ ಪದ ‘ಅಡ್ಡಪರಿಣಾಮ’. ಟಿಬಿ ಚಿಕಿತ್ಸೆಯ ಮುಖ್ಯ ಮದ್ದುಗಳಲ್ಲಿ ರಿಫಾಂಪಿಸಿನ್ ಒಂದು. ಅದರ ಪುಡಿಯೇ ಇಟ್ಟಿಗೆ ಬಣ್ಣದ್ದು. ನುಂಗಿದ ಕೆಲವು ಗಂಟೆಗಳಲ್ಲಿ ಮೂತ್ರ ಕಿತ್ತಳೆ, ಕೆಂಪು ಆಗುತ್ತದೆ. ಬೆವರು, ಕಣ್ಣೀರು, ಎಂಜಲಿಗೂ ಅದೇ ಬಣ್ಣ ಬರಬಹುದು. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾದರೆ ಲೆನ್ಸಿಗೆ ಹಿಡಿದ ಕಲೆ ಮತ್ತೆ ಹೋಗುವುದೇ ಇಲ್ಲ. ಈ ಬಣ್ಣದಿಂದ ದೇಹಕ್ಕೆ ಏನೂ ತೊಂದರೆಯಿಲ್ಲ. ಆದರೆ ಇದೇ ಮದ್ದು, ಜೊತೆಗಿರುವ ಐಸೋನಿಯಾಜಿಡ್ ಮತ್ತು ಪೈರಾಜಿನಮೈಡ್ ಸೇರಿ, ಕೆಲವರ ಲಿವರಿಗೆ ಪೆಟ್ಟು ಕೊಡುವುದೂ ಉಂಟು. ಹಸಿವೆ ಸತ್ತುಹೋಗುವುದು, ವಾಂತಿ, ಕಣ್ಣಿನ ಬಿಳಿ ಹಳದಿಯಾಗುವುದು ಅದರ ಲಕ್ಷಣ. ಅಂಥವರು ಅದೇ ದಿನ ವೈದ್ಯರ ಹತ್ತಿರ ಹೋಗಬೇಕು. ನಾನು ನೋಡಿದ ಚೀಟಿಗಳಲ್ಲೆಲ್ಲ ಈ ಎರಡೂ ‘ಅಡ್ಡಪರಿಣಾಮಗಳು’ ಎಂಬ ಒಂದೇ ತಲೆಬರಹದ ಕೆಳಗೆ ಒಟ್ಟಿಗೆ ಕೂತಿವೆ.

‘ಅಡ್ಡ’ ನಮ್ಮ ಕಿವಿಗೆ ಒಳ್ಳೆಯ ಶಬ್ದವಲ್ಲ. ಅಡ್ಡದಾರಿ, ಅಡ್ಡಗಾಲು, ಬೆಕ್ಕು ಅಡ್ಡ ಬಂತು. ನೆಟ್ಟಗಿಲ್ಲದ್ದಕ್ಕೆ, ತಡೆಯುವುದಕ್ಕೆ ನಾವು ‘ಅಡ್ಡ’ ಎನ್ನುತ್ತೇವೆ. ಹಾಗಿರುವಾಗ ‘ಮೂತ್ರ ಕೆಂಪಾಗುವುದು ಈ ಮದ್ದಿನ ಅಡ್ಡಪರಿಣಾಮ’ ಎಂದು ಓದಿದವರು ಹೆದರದೆ ಇರುತ್ತಾರೆಯೇ?

ಮಲ್ಪೆ ಕಡೆಯ ಒಬ್ಬರು ಹೆಂಗಸು ಒಂದು ಬೆಳಿಗ್ಗೆ ಬಂದು, “ಅಕ್ಕಾ, ಇವರಿಗೆ ಒಂದಕ್ಕೆ ಕೆಂಪು ಹೋಗ್ತದೆ. ಮದ್ದು ಭಾರೀ ಉಷ್ಣ ಅಂತ ಕಾಣ್ತದೆ. ನಾಲ್ಕು ದಿನದಿಂದ ನಿಲ್ಲಿಸಿದ್ದೇವೆ” ಅಂದರು. ನಮ್ಮ ಕರಾವಳಿಯಲ್ಲಿ ‘ಉಷ್ಣ’ ಎಂದುಬಿಟ್ಟರೆ ರೋಗದ ಹೆಸರು, ಕಾರಣ, ಚಿಕಿತ್ಸೆ ಮೂರೂ ತೀರ್ಮಾನವಾದ ಹಾಗೆ. ಮದ್ದು ನಿಲ್ಲಿಸಿ, ತಂಪು ಮಾಡಿ. ಬೊಂಡದ ನೀರು, ಪುನರ್ಪುಳಿ ಶರಬತ್ತು ಕುಡಿದರೆ ಕುಡಿಯಲಿ, ಹಾಳಿಲ್ಲ. ಆದರೆ ಕಳ್ಳೂ ತಂಪು ಎಂಬ ನಂಬಿಕೆ ಇದೆಯಲ್ಲ, ನನಗೆ ಹೆದರಿಕೆಯಾಗುವುದು ಅಲ್ಲಿ. ಈ ಮದ್ದಿನ ಜೊತೆ ಕಳ್ಳೋ ಸಾರಾಯಿಯೋ ಸೇರಿದರೆ ಪೆಟ್ಟು ಬೀಳುವುದು ಅದೇ ಲಿವರಿಗೆ.

ಅವರಿಗೆ ಹೇಗೆ ಹೇಳುವುದೆಂದು ಯೋಚಿಸಿ, “ಹೊಸ ಲುಂಗಿ ಮೊದಲನೇ ಸಲ ನೀರಿಗೆ ಹಾಕಿದಾಗ ನೀರು ಕೆಂಪಾಗುವುದಿಲ್ಲವಾ…” ಎಂದು ಶುರು ಮಾಡಿದ್ದೆ. ನಾನು ಮುಗಿಸುವ ಮೊದಲೇ ಅವರು, “ಓ, ಬಣ್ಣ ಬಿಡುವುದಾ!” ಅಂದರು. ಮುಖವೇ ಸಡಿಲಾಯಿತು. ಅಲ್ಲೇ ನಿಂತು ಗಂಡನಿಗೆ ಫೋನ್ ಮಾಡಿ ತುಳುವಿನಲ್ಲಿ, “ಬಣ್ಣ ಬುಡ್ಪುನೆ” ಎಂದು ಅದನ್ನೇ ಹೇಳಿದರು. ತಪ್ಪಿದ ನಾಲ್ಕು ದಿನದ ಮಾತ್ರೆಯನ್ನು ಒಟ್ಟಿಗೆ ನುಂಗಬಾರದೆಂದು ಹೇಳಿ, ಆರೋಗ್ಯ ಕಾರ್ಯಕರ್ತೆಗೂ ಅಲ್ಲಿಂದಲೇ ಫೋನ್ ಮಾಡಿಸಿದೆ.

ಅಂದಿನಿಂದ ಚೀಟಿಯಲ್ಲಿ ‘ಮದ್ದು ಬಣ್ಣ ಬಿಡುತ್ತದೆ’ ಎಂದೇ ಬರೆಯಬೇಕೆಂದಿದ್ದೇನೆ. ‘ಮೂತ್ರವು ವರ್ಣ ಬದಲಾವಣೆ ಹೊಂದುತ್ತದೆ’ ಎಂಬಂಥ ವಾಕ್ಯ ಹತ್ತು ಸಲ ಓದಿದರೂ ಮನಸ್ಸಿಗೆ ಇಳಿಯುವುದಿಲ್ಲ. ಆದರೆ ಅಂಗಡಿಯ ಹುಡುಗ ಒಂದು ಮಾತು ಹೇಳಿದ. ಬಣ್ಣ ಬಿಡುವುದು ಕಡಿಮೆ ದರ್ಜೆಯ ಬಟ್ಟೆಯ ಲಕ್ಷಣ. ಉಚಿತವಾಗಿ ಕೊಟ್ಟ ಮದ್ದು ಬೇರೆ, ‘ಇದು ಡೂಪ್ಲಿಕೇಟ್’ ಎಂದು ಯಾರಾದರೂ ಅಂದುಕೊಂಡರೆ? ಅವನ ಮಾತನ್ನು ತಳ್ಳಿಹಾಕಲು ನನಗೆ ಆಗುತ್ತಿಲ್ಲ. ‘ಬಣ್ಣ ಬಿಡು’ ಎಂದಾಗ ನಿಮ್ಮ ಕಡೆ ಮೊದಲು ಏನು ತೋರುತ್ತದೆ? ಮೈಸೂರು ಕಡೆಯವರು, ಧಾರವಾಡ ಕಡೆಯವರು ದಯವಿಟ್ಟು ಹೇಳಿ.

ತಲೆಬರಹವನ್ನೂ ಎರಡಾಗಿ ಒಡೆಯುವ ಯೋಚನೆಯಿದೆ. ಹೆದರಬೇಕಾಗಿಲ್ಲದ್ದಕ್ಕೆ ‘ಮದ್ದಿನ ಗುರುತು’, ವೈದ್ಯರಿಗೆ ತಿಳಿಸಲೇಬೇಕಾದದ್ದಕ್ಕೆ ‘ಮದ್ದಿನ ಬಾಧೆ’. ಲಿವರಿನ ತೊಂದರೆ, ಐಸೋನಿಯಾಜಿಡ್‌ನಿಂದ ಕೈಕಾಲು ಜೋಮು ಹಿಡಿಯುವುದು, ಇದೇ ಚಿಕಿತ್ಸೆಯ ಇನ್ನೊಂದು ಮದ್ದಾದ ಇಥಾಂಬುಟಾಲ್‌ನಿಂದ ಕಣ್ಣು ಮಂಜಾಗುವುದು ಅಥವಾ ಕೆಂಪು-ಹಸಿರಿನ ವ್ಯತ್ಯಾಸ ತಿಳಿಯದಾಗುವುದು ಎರಡನೆಯದರಲ್ಲಿ ಬರುತ್ತವೆ. ಬಾಧೆ ಕಂಡರೂ ತಾವಾಗಿಯೇ ಒಂದೊಂದು ಮಾತ್ರೆ ಬಿಟ್ಟು ನೋಡುವುದಲ್ಲ, ಏನು ನಿಲ್ಲಿಸಬೇಕೆಂದು ವೈದ್ಯರೇ ಹೇಳಬೇಕು. ‘ಗುರುತು’ ಎಂಬ ಪದ ನನಗೆ ಹಿಡಿಸಿದ್ದು ಏಕೆಂದರೆ, ಬಣ್ಣ ಕಂಡರೆ ಮದ್ದು ಹೊಟ್ಟೆಗೆ ಹೋಗಿದೆ ಎಂಬುದಕ್ಕೆ ಅದು ನಿಜವಾಗಿಯೂ ಗುರುತೇ.

‘ಮದ್ದು’ ಎಂಬುದರ ಬಗ್ಗೆಯೂ ಅನುಮಾನವಿದೆ. ನಮಗಿಲ್ಲಿ ಔಷಧವೆಂದರೆ ಮದ್ದೇ. ಘಟ್ಟದ ಮೇಲೆ ‘ಮದ್ದು ಹಾಕಿದರು’ ಎಂದರೆ ಅರ್ಥ ಬೇರೆಯೇ ಆಗುತ್ತದೆ. ಇಲ್ಲಿ ಕಟ್ಟಡದ ಕೆಲಸಕ್ಕೆ ಬಂದಿರುವ ಬಾಗಲಕೋಟೆ, ಕೊಪ್ಪಳ ಕಡೆಯವರು ಮಾತ್ರೆಗೆ ‘ಗುಳಿಗಿ’ ಎನ್ನುತ್ತಾರೆ. ಚೀಟಿಯನ್ನು ಅವರೂ ಓದಬೇಕು. ಸದ್ಯಕ್ಕೆ ಮೊದಲ ಸಾಲಿನಲ್ಲಿ ಮದ್ದು, ಗುಳಿಗಿ, ಮಾತ್ರೆ ಮೂರೂ ಪದ ಹಾಕಿ ಮುಂದೆ ‘ಮಾತ್ರೆ’ ಎಂದೇ ಇಟ್ಟಿದ್ದೇನೆ.

ಇನ್ನು ‘ನಿರೋಧಕ’. ನಡುವೆ ಬಿಟ್ಟು ಬಿಟ್ಟು ನುಂಗಿದರೆ ರೋಗಾಣು ಮದ್ದಿಗೆ ಸಾಯದ ಹಾಗೆ ಬದಲಾಗುತ್ತದೆ. ಐಸೋನಿಯಾಜಿಡ್, ರಿಫಾಂಪಿಸಿನ್ ಎರಡಕ್ಕೂ ಸಾಯದಿದ್ದರೆ ಅದು ಎಂಡಿಆರ್ ಟಿಬಿ. ಕನ್ನಡದಲ್ಲಿ ‘ಬಹು ಔಷಧ ನಿರೋಧಕ ಕ್ಷಯ’ ಎಂದು ಬರೆಯುತ್ತಾರೆ. ಸಮಾಸ ಸರಿಯಾಗಿಯೇ ಇದೆ. ಆದರೆ ‘ರೋಗನಿರೋಧಕ ಶಕ್ತಿ’ ಒಳ್ಳೆಯದೆಂದು ಕೊರೊನಾ ಕಾಲದಲ್ಲಿ ಎಲ್ಲರ ಬಾಯಲ್ಲೂ ಕೂತ ಮೇಲೆ, ‘ನಿರೋಧಕ’ ಇದ್ದದ್ದೆಲ್ಲ ಒಳ್ಳೆಯದೆಂದೇ ಕೇಳಿಸುತ್ತದೆ. ಅದೇ ಚೀಟಿಯಲ್ಲಿ ಇನ್ನೊಂದು ‘ನಿರೋಧಕ’ವೂ ಬರಲೇಬೇಕು: ರಿಫಾಂಪಿಸಿನ್ ನುಂಗುವಾಗ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗುತ್ತದೆ, ಬೇರೆ ದಾರಿಯನ್ನು ವೈದ್ಯರಲ್ಲಿ ಕೇಳಬೇಕು. ಒಂದೇ ಪುಟದಲ್ಲಿ ಮೂರು ಅರ್ಥದ ಮೂರು ನಿರೋಧಕ ಬೇಡವೆಂದು ‘ಮದ್ದಿಗೆ ಜಗ್ಗದ ಟಿಬಿ’ ಎಂದು ಬರೆದಿದ್ದೇನೆ. ಇದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಕೊನೆಯದು ‘ಊಟ’. ರಿಫಾಂಪಿಸಿನ್ ಖಾಲಿ ಹೊಟ್ಟೆಯಲ್ಲಿ ಚೆನ್ನಾಗಿ ಮೈಗೆ ಹತ್ತುತ್ತದೆ. ಏನಾದರೂ ತಿನ್ನುವುದಕ್ಕೆ ಒಂದು ಗಂಟೆ ಮುಂಚೆ, ಇಲ್ಲವೇ ತಿಂದು ಎರಡು ಗಂಟೆಯ ನಂತರ. ಹಿಂದೆ ನಾನೇ ಒಂದು ಚೀಟಿಯಲ್ಲಿ ‘ಊಟಕ್ಕೆ ಒಂದು ಗಂಟೆ ಮುಂಚೆ’ ಎಂದು ಬರೆದಿದ್ದೆ. ಓದಿದ ಅಜ್ಜ ಒಬ್ಬರು ಎಂಟಕ್ಕೆ ನೀರ್‌ದೋಸೆ ತಿಂದು, ಹನ್ನೊಂದೂವರೆಗೆ ಗೋಳಿಬಜೆಯ ಜೊತೆ ಚಾ ಕುಡಿದು, ಸರಿಯಾಗಿ ಹನ್ನೆರಡಕ್ಕೆ ಮಾತ್ರೆ ನುಂಗುತ್ತಿದ್ದರು, ಏಕೆಂದರೆ ಅವರ ಊಟ ಒಂದು ಗಂಟೆಗೆ. ತಪ್ಪು ಅವರದಲ್ಲ. ನಮ್ಮಲ್ಲಿ ಊಟವೆಂದರೆ ಅನ್ನ, ಉಳಿದದ್ದು ತಿಂಡಿ, ಚಾ ಅಂತೂ ಲೆಕ್ಕಕ್ಕೇ ಇಲ್ಲ. “ಏನೂ ತಿನ್ನಲಿಲ್ಲ, ಬರೀ ಚಾ ಕುಡಿದದ್ದು” ಎಂದೇ ಎಲ್ಲರೂ ಹೇಳುವುದು, ಚಾದ ಜೊತೆ ಎರಡು ರಸ್ಕ್ ಹೋಗಿದ್ದರೂ. ಖಾಲಿ ಹೊಟ್ಟೆಯಲ್ಲಿ ಉರಿ ಬಂತೆಂದು ನನ್ನಲ್ಲಿ ಗ್ಯಾಸಿನ ಮದ್ದು ಕೇಳುತ್ತಾರೆ. ಆಮ್ಲ ತಗ್ಗಿಸುವ ಆ ಬಿಳಿ ಮದ್ದನ್ನು ಜೊತೆಗೇ ಕುಡಿದರೆ ಟಿಬಿ ಮದ್ದು ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಆದ್ದರಿಂದ ಹೊಟ್ಟೆ ತಡೆಯದಿದ್ದರೂ ವೈದ್ಯರನ್ನೇ ಕೇಳಬೇಕು.

ಈಗ ಬರೆದಿರುವುದು ಹೀಗೆ: ‘ಬೆಳಿಗ್ಗೆ ಎದ್ದು, ಚಾ ತಿಂಡಿ ಏನೂ ಮುಟ್ಟುವ ಮೊದಲು, ನೀರಿನ ಜೊತೆ ನುಂಗಿ. ಒಂದು ಗಂಟೆ ಕಳೆದ ಮೇಲೆ ತಿನ್ನಿ.’ ಇಲ್ಲಿ ‘ಮುಟ್ಟುವ’ ಎಂದದ್ದನ್ನು ಕೈಯಿಂದ ಮುಟ್ಟುವುದು ಎಂದು ಯಾರಾದರೂ ತಿಳಿಯಬಹುದೇ? ‘ಬಾಯಿಗೆ ಹಾಕುವ ಮೊದಲು’ ಎಂದರೆ ಉತ್ತರ ಕರ್ನಾಟಕದವರಿಗೆ ಒರಟಾಗಿ ಕೇಳಿಸುತ್ತದೆಯೇ? ಚೀಟಿ ಮುದ್ರಣಕ್ಕೆ ಹೋಗುವ ಮೊದಲು ಇದಿಷ್ಟನ್ನು ತಿದ್ದಿಕೊಡಿ.