ಅಪ್ಪ ‘ಟ್ಯೂಬ್ ಬೇಡ’ ಎನ್ನುತ್ತಿದ್ದಾರೆ: ತುರ್ತು ವಿಭಾಗದಲ್ಲಿ ಅವರ ಮಾತು ನಡೆಯುತ್ತದೆಯೇ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ಅಪ್ಪನಿಗೆ 79 ವರ್ಷ, ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ಇದೆ, ಮನೆಯಲ್ಲೂ ಆಕ್ಸಿಜನ್ ಬೇಕು. ಕಳೆದ ಸಲ ವೆಂಟಿಲೇಟರ್‌ನಿಂದ ಬದುಕಿ ಬಂದ ಮೇಲೆ ‘ಇನ್ನೊಮ್ಮೆ ಗಂಟಲಿಗೆ ಟ್ಯೂಬ್ ಹಾಕಿಸಬೇಡಿ’ ಎನ್ನುತ್ತಾರೆ. ಅಣ್ಣ ಒಪ್ಪುತ್ತಿಲ್ಲ. ಮಧ್ಯರಾತ್ರಿ ಉಸಿರು ಕಟ್ಟಿದರೆ ಏನು ಮಾಡುವುದು? ಬೇಡವೆಂದರೆ ನಾವೇ ಕೊಂದಂತಾಗುವುದಿಲ್ಲವೇ?

ಉತ್ತರ: ಖಂಡಿತ ಇಲ್ಲ, ಆ ಪಾಪಭಾರ ಹೊರಬೇಡಿ. ಜೀವ ತೆಗೆಯಲೆಂದೇ ಚುಚ್ಚುಮದ್ದು ಕೊಡುವುದು ನಮ್ಮಲ್ಲಿ ಅಪರಾಧ. ಆದರೆ ಎಚ್ಚರವಿದ್ದು, ಯೋಚಿಸಿ ಮಾತನಾಡಬಲ್ಲ ವಯಸ್ಕರು ಚಿಕಿತ್ಸೆ ನಿರಾಕರಿಸಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಎತ್ತಿಹಿಡಿದಿದೆ.

ತೊಡಕು ಎಚ್ಚರ ತಪ್ಪಿದಾಗಿನದು. ಈ ಕಾಯಿಲೆಯಲ್ಲಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಅಪ್ಪನ ಇಚ್ಛೆ ಬರೆದ ಕಾಗದ ಕೈಯಲ್ಲಿಲ್ಲದೆ, ಮಕ್ಕಳಲ್ಲೂ ಒಮ್ಮತವಿಲ್ಲದೆ ಬಂದರೆ ನಾನು ಟ್ಯೂಬ್ ಹಾಕಿಯೇ ಹಾಕುತ್ತೇನೆ. ಆಮೇಲೆ ತೆಗೆಯಲು ಎರಡು ವೈದ್ಯಕೀಯ ಮಂಡಳಿಗಳ ಒಪ್ಪಿಗೆ ಬೇಕು.

ಆದ್ದರಿಂದ ಅಪ್ಪ ಈ ವಾರವೇ ತಮ್ಮ ಇಚ್ಛೆಯನ್ನು ಬರೆದಿಡಲಿ. 2023ರಲ್ಲಿ ನಿಯಮ ಸರಳವಾಗಿದೆ: ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ತಮ್ಮ ಪರವಾಗಿ ನಿರ್ಧರಿಸುವವರ ಹೆಸರನ್ನೂ ಸೇರಿಸಲಿ. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಈ ಕುರಿತು ಸುತ್ತೋಲೆ ಹೊರಡಿಸಿದೆ. ಅಪ್ಪ ಬರೆದಿಟ್ಟ ಪತ್ರವನ್ನೂ ಆಸ್ಪತ್ರೆ ಪರಿಶೀಲಿಸಬೇಕಾಗುತ್ತದೆ. ಹಾಗಾಗಿ ಒಂದು ಪ್ರತಿ ಅವರ ವೈದ್ಯರ ಬಳಿಯೂ ಇರಲಿ, ಫೋಟೊ ನಿಮ್ಮೆಲ್ಲರ ಮೊಬೈಲಿನಲ್ಲಿರಲಿ.

ಟ್ಯೂಬ್ ಬೇಡವೆಂದರೂ ಚಿಕಿತ್ಸೆ ಬೇಕಾದಷ್ಟಿದೆ. ನೆಬುಲೈಸರ್, ಸ್ಟೀರಾಯ್ಡ್, ಒತ್ತಡದಿಂದ ಗಾಳಿ ಕೊಡುವ, ಮುಖಕ್ಕೆ ಹಾಕುವ ಬೈಪ್ಯಾಪ್ ಮಾಸ್ಕ್. ಸಿಒಪಿಡಿಯಲ್ಲಿ ಈ ಮಾಸ್ಕ್ ಎಷ್ಟೋ ಜನರಿಗೆ ಟ್ಯೂಬ್ ತಪ್ಪಿಸುತ್ತದೆ. ಅದೂ ಸಾಲದಾದಾಗ ಸಣ್ಣ ಪ್ರಮಾಣದ ಮಾರ್ಫಿನ್ ಉಸಿರಿನ ಸಂಕಟ ಇಳಿಸುತ್ತದೆ. ದಯವಿಟ್ಟು ‘ವೈದ್ಯರ ಸಲಹೆಗೆ ವಿರುದ್ಧವಾಗಿ’ ಎಂಬ ಕಾಗದಕ್ಕೆ ಸಹಿ ಹಾಕಿ ಮನೆಗೆ ಕರೆದೊಯ್ಯಬೇಡಿ. ಔಷಧವಿಲ್ಲದೆ ಉಸಿರಿಗಾಗಿ ಒದ್ದಾಡುವ ಸ್ಥಿತಿ ಯಾರಿಗೂ ಬರಬಾರದು. ಉಪಶಾಮಕ ಆರೈಕೆ (ನೋವು, ಸಂಕಟ ಇಳಿಸುವ ಆರೈಕೆ) ಕೊಡಿ ಎಂದು ಬಾಯಿಬಿಟ್ಟು ಕೇಳಿ.

ಪ್ರಶ್ನೆ: ಅಣ್ಣನನ್ನು ಹೇಗೆ ಒಪ್ಪಿಸಲಿ?

ಉತ್ತರ: ನೀವು ವಾದಿಸಲು ಹೋಗಬೇಡಿ, ಅಪ್ಪನೇ ಹೇಳಲಿ. ಅವರ ವೈದ್ಯರ ಕೋಣೆಯಲ್ಲಿ ಮೂವರೂ ಕುಳಿತು, ಕಳೆದ ಸಲ ಯಾವುದು ಸಹಿಸಲಾಗಲಿಲ್ಲ ಎಂದು ಅವರನ್ನೇ ಕೇಳಿ. ಕೆಲವರಿಗೆ ಟ್ಯೂಬಿಗಿಂತ ಕೈ ಕಟ್ಟಿಹಾಕಿದ್ದು, ಮನೆಯವರು ಕಾಣದೆ ಹೋದದ್ದು ಹೆಚ್ಚು ನೋಯಿಸಿರುತ್ತದೆ. ವಾಸಿಯಾಗುವ ಸೋಂಕಾದರೆ ನಾಲ್ಕು ದಿನ ಟ್ಯೂಬ್ ಆಗಬಹುದು ಎಂದರೂ ಎನ್ನಬಹುದು. ಅದನ್ನೂ ಹಾಗೆಯೇ ಬರೆಸಿ.