ಒಂದೇ ಲೋಕದಲ್ಲಿ ಎರಡು ಪಾರ್ಟಿ: ಆಡಿಸಿದವರು ಅನುಭವ ಹೇಳಿ

ಶಿವಮೊಗ್ಗದಿಂದ ಪ್ರಶ್ನೆ

ಒಂದು ವರ್ಷದಿಂದ ಪ್ರತಿ ಭಾನುವಾರ ನಮ್ಮನೆ ಮಹಡಿ ಮೇಲೆ ಐದು ಜನರಿಗೆ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್: ಆಟಗಾರರು ಒಂದೊಂದು ಪಾತ್ರವಾಗಿ ಆಡೋದು, ಡಿಎಂ ಅನ್ನೋ ಒಬ್ಬರು ಲೋಕ, ಕಥೆ ನಡೆಸೋದು) ಆಡಿಸ್ತಿದೀನಿ. ಈಗ ಭದ್ರಾವತಿಯಿಂದ ನಾಲ್ಕು ಜನ ನಾವೂ ಬರ್ತೀವಿ ಅಂತಿದಾರೆ. ಒಂಬತ್ತು ಜನ ಕೂತ್ರೆ ಒಂದು ಕಾಳಗ ಮುಗಿಯೋ ಹೊತ್ತಿಗೆ ಕತ್ತಲಾಗುತ್ತೆ. ಅದಕ್ಕೆ ಅವರದ್ದೇ ಬೇರೆ ಪಾರ್ಟಿ, ಅಂದ್ರೆ ಒಟ್ಟಿಗೆ ಆಡೋ ತಂಡ, ಮಾಡಿ, ಇದೇ ಲೋಕದಲ್ಲಿ, ಇದೇ ನಕ್ಷೆ ಮೇಲೆ ಆಡಿಸೋಣ ಅಂತ ಆಸೆ. ಇಬ್ಬರ ಕಥೆ ಒಂದಕ್ಕೊಂದು ಡಿಕ್ಕಿ ಹೊಡೆದ್ರೆ ಎಂತ ಮಾಡೋದು? ಮಾಡಿ ನೋಡಿದವರು ಹೇಳಿ.

ಸಾಗರದಿಂದ

ಮಾಡಿ. ಆದ್ರೆ ನಕ್ಷೆಗಿಂತ ಮೊದಲು ಪಂಚಾಂಗ ಮಾಡ್ಕೊಳ್ಳಿ. ನಾನು ಮಾಡದೆ ಕೆಟ್ಟೆ.

ನಾಲ್ಕು ವರ್ಷದಿಂದ ಮೂರು ಪಾರ್ಟಿ ನಡೆಸ್ತಿದೀನಿ. ಲೋಕ ಕಟ್ಟಿದ್ದು ಶರಾವತಿ ಹಿನ್ನೀರು ನೋಡಿ: ಮುಳುಗಿಹೋದ ರಾಜ್ಯ, ಗುಡ್ಡದ ನೆತ್ತಿಗಳಷ್ಟೇ ದ್ವೀಪವಾಗಿ ಉಳಿದಿವೆ, ಆಚೆ ದಡಕ್ಕೆ ಇರೋದು ಒಂದೇ ದೋಣಿ. (ಆಗ ಸಿಗಂದೂರು ಸೇತುವೆ ಮುಗಿದಿರಲಿಲ್ಲ. ಲಾಂಚಿಗೆ ಕಾದು ಕೂತಾಗ ಹೊಳೆದದ್ದು.) ಭಾನುವಾರದ ಪಾರ್ಟಿ ಚುರುಕು, ಆಟದ ಲೆಕ್ಕದಲ್ಲಿ 40ನೇ ದಿನಕ್ಕೆ ಬಂದಿತ್ತು. ಬುಧವಾರ ರಾತ್ರಿ ಆನ್‌ಲೈನಲ್ಲಿ ಆಡುವವರು ಇನ್ನೂ 28ನೇ ದಿನದಲ್ಲಿದ್ದರು. 40ನೇ ದಿನ ಭಾನುವಾರದವರು ಅಂಬಿಗನ ಜೊತೆ ಅರ್ಧ ಗಂಟೆ ಚೌಕಾಶಿ ಮಾಡಿ, ಮುಳುಗಿದ ಗುಡಿಯ ಗುಟ್ಟು ಹೊರಡಿಸಿದರು. ಹೊರಗಿನ ಲೆಕ್ಕದಲ್ಲಿ ಮೂರೇ ದಿನ ಕಳೆದು, ತಮ್ಮ 28ನೇ ದಿನದಲ್ಲೇ ಇದ್ದ ಬುಧವಾರದವರು ದೋಣಿ ಬಾಡಿಗೆ ವಿಷಯಕ್ಕೆ ಜಗಳ ತೆಗೆದು ಅದೇ ಅಂಬಿಗನನ್ನು ಕೊಂದೇಬಿಟ್ಟರು. ಅಂದ್ರೆ ಸತ್ತು ಹನ್ನೆರಡು ದಿನ ಆದವನ ಹತ್ರ ನಮ್ಮ ಭಾನುವಾರದವರು ಚೌಕಾಶಿ ಮಾಡಿದ್ದಾರೆ!

ಗಡಿಬಿಡಿಯಲ್ಲಿ ‘ಸತ್ತದ್ದು ಅವನ ಅಣ್ಣ’ ಅಂದೆ. ಅಲ್ಲಿಗೆ ನನ್ನ ಮರ್ಯಾದೆ ಹೋಯ್ತು. ಈಗಲೂ ಯಾವ ಎನ್‌ಪಿಸಿ (ಡಿಎಂ ನಡೆಸೋ ಪಾತ್ರ) ಸತ್ತರೂ ‘ಇವನಿಗೆ ಅಣ್ಣ ಇದ್ದಾನಾ ಡಿಎಂ?’ ಅಂತ ಕೇಳ್ತಾರೆ.

ಆಮೇಲೆ ಮಾಡಿದ ನಿಯಮ ಒಂದೇ: ಹೊರಗಿನ ಒಂದು ದಿನಕ್ಕೆ ಆಟದಲ್ಲೂ ಒಂದು ದಿನ. ಸೆಷನ್ ಮುಗಿಯುವಾಗ ಪಾರ್ಟಿ ಊರಿಗೆ ವಾಪಸ್ ಬಂದಿರಬೇಕು. ಇವತ್ತು ಕೂತಲ್ಲೇ ಹತ್ತು ದಿನದ ದಾರಿ ನಡೆದರೋ, ಆ ಪಾತ್ರಗಳು ಹತ್ತು ದಿನ ಯಾರಿಗೂ ಸಿಗಲ್ಲ. ಮುಂದಿನ ವಾರ ಆಡಲೇಬೇಕಂದ್ರೆ ಊರಲ್ಲಿ ಉಳಿದ ಎರಡನೇ ಪಾತ್ರ ತಗೊಳ್ಳಲಿ. ಮೊದಮೊದಲು ಗೊಣಗಿದರು. ಆಮೇಲೆ ನೋಡಿ, ದೂರ ಹೋಗೋ ಮುಂಚೆ ಕೂತು ಲೆಕ್ಕ ಹಾಕೋಕೆ ಶುರು ಮಾಡಿದರು. ದಿನಕ್ಕೆ ಬೆಲೆ ಬಂತು.

ಮಳೆಗಾಲದಲ್ಲಿ ಇದು ಕೈಕೊಡುತ್ತೆ. ಪಾರ್ಟಿ ಗುಹೆಯೊಳಗೆ ಇದ್ದಾಗಲೇ ಕರೆಂಟು ಹೋದರೆ ಊರಿಗೆ ಬರೋದು ಹೇಗೆ? ಅದಕ್ಕೆ ಪ್ರತಿಯೊಬ್ಬರೂ ಒಂದು ಡಿ20 (ಇಪ್ಪತ್ತು ಮುಖದ ದಾಳ) ಉರುಳಿಸ್ತಾರೆ. ಒಳ್ಳೆ ಸಂಖ್ಯೆ ಬಿದ್ದವರು ಸುಖವಾಗಿ ಮನೆ ಸೇರಿದರು, ಕಡಿಮೆ ಬಿದ್ದವರು ಏನೋ ಒಂದು ಸಾಮಾನು ಕಳಕೊಂಡು ಬಂದರು. ಅಡಿಕೆ ಕೊಯ್ಲಿನಲ್ಲಿ ಎರಡು ತಿಂಗಳು ಯಾರೂ ಸಿಗಲ್ಲ. ಲೋಕದಲ್ಲೂ ಎರಡು ತಿಂಗಳು ಕಳೆಯುತ್ತೆ, ಅಷ್ಟರಲ್ಲಿ ಗಾಯ ಮಾಯುತ್ತೆ, ಕಮ್ಮಾರ ಕತ್ತಿ ಮುಗಿಸ್ತಾನೆ, ಶತ್ರುವೂ ಕೋಟೆ ಗೋಡೆ ಎತ್ತರಿಸ್ತಾನೆ.

ಬರೆದಿಡೋದಕ್ಕೆ ಸಾಫ್ಟ್‌ವೇರ್ ಹುಡುಕಿ ಸೋತೆ. ಅಪ್ಪನ ಮಂಡಿ ಲೆಕ್ಕ ನೋಡಿ ಬುದ್ಧಿ ಬಂತು: ಒಂದು ಕಿರ್ದಿ, ಒಂದು ಖಾತೆ. ಕಿರ್ದಿಯಲ್ಲಿ ತಾರೀಕಿನ ಪ್ರಕಾರ ಯಾರು ಎಲ್ಲಿ ಏನು ಮಾಡಿದರು ಅಂತ ಒಂದೊಂದು ಸಾಲು. ಖಾತೆಯಲ್ಲಿ ಊರಿಗೊಂದು, ಮುಖ್ಯ ಎನ್‌ಪಿಸಿಗೊಂದು ಪುಟ. ಸೆಷನ್ ಆದ ರಾತ್ರಿಯೇ ಬರೀಬೇಕು, ಮರುದಿನಕ್ಕೆ ಇಟ್ಟರೆ ಅರ್ಧ ಮರೆತಿರುತ್ತೆ.

ಇದು ನನ್ನ ಶೋಧ ಏನಲ್ಲ. 1974ರ ಮೊದಲ ಡಿ ಅಂಡ್ ಡಿ ಪುಸ್ತಿಕೆಯಲ್ಲೇ ಒಂದು ಕ್ಯಾಂಪೇನಿಗೆ (ಒಂದೇ ಲೋಕದಲ್ಲಿ ಸೆಷನ್ ಮೇಲೆ ಸೆಷನ್ ಮುಂದುವರಿಯೋ ಆಟ) 4ರಿಂದ 50 ಆಟಗಾರರು, ಸುಮಾರು 20 ಜನಕ್ಕೆ ಒಬ್ಬ ರೆಫರಿ, ಅಂದ್ರೆ ಡಿಎಂ, ಅಂತ ಇದೆ. ಐವತ್ತು ಜನ ಒಂದೇ ಮೇಜಿಗೆ ಕೂರೋಕಾಗುತ್ತಾ? ಆಟ ಹುಟ್ಟಿದ್ದೇ ಹೀಗೆ, ಬೇರೆ ಬೇರೆ ದಿನ ಬೇರೆ ಬೇರೆ ಜನ ಬಂದು ಒಂದೇ ಲೋಕ ಆಡ್ತಿದ್ದರು. 1979ರಲ್ಲಿ, ಈ ಆಟ ರೂಪಿಸಿದವರಲ್ಲಿ ಒಬ್ಬರಾದ ಗೈಗ್ಯಾಕ್ಸ್ ಡಿಎಂಗಳಿಗಾಗಿ ಬರೆದ ಪುಸ್ತಕದಲ್ಲಿ ಕಾಲದ ಲೆಕ್ಕ ಕಟ್ಟುನಿಟ್ಟಾಗಿ ಇಡಲೇಬೇಕು ಅನ್ನೋ ಮಾತನ್ನು ಪೂರ್ತಿ ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸಿದ್ದಾರೆ. ಅಂಬಿಗ ಸಾಯುವ ಮುಂಚೆ ನಾನು ಓದಬೇಕಿತ್ತು.

ತೀರ್ಥಹಳ್ಳಿಯಿಂದ

ಸಾಗರದವರು ಹೇಳಿದ್ದು ಸರಿ. ಆದ್ರೆ ಲೆಕ್ಕ ಡಿಎಂಗೆ ಮಾತ್ರ ಕಂಡರೆ ಏನು ಸುಖ? ಆಚೆ ಪಾರ್ಟಿ ಇದೆ ಅಂತ ಆಡುವವರಿಗೂ ಗೊತ್ತಾಗಬೇಕಲ್ಲ. ನಾನು ಪ್ರತಿ ಸೆಷನ್ ಆದಮೇಲೆ ಎರಡೂ ವಾಟ್ಸಾಪ್ ಗ್ರೂಪಿಗೆ ‘ಸಂತೆ ಸುದ್ದಿ’ ಅಂತ ಮೂರು ಸಾಲು ಹಾಕ್ತೀನಿ. ಎರಡು ನಿಜ, ಒಂದು ಬರೀ ಗಾಳಿಮಾತು. ‘ಘಾಟಿ ಕೆಳಗೆ ಯಾರೋ ನಾಲ್ವರು ರಾಕ್ಷಸನ ತಲೆ ಹೊತ್ತು ಹೋದರಂತೆ’ ಅಂತ ಬಿದ್ದ ತಕ್ಷಣ ಆಚೆಯವರಿಗೆ ಹೊಟ್ಟೆಕಿಚ್ಚು. ಮುಂದಿನ ವಾರ ಒಬ್ಬರೂ ತಪ್ಪಿಸಲ್ಲ.

ಬೆನ್ ರಾಬಿನ್ಸ್ ಅನ್ನುವವರು ವೆಸ್ಟ್ ಮಾರ್ಚಸ್ ಅಂತ ಒಂದು ಕ್ಯಾಂಪೇನ್ ಆಡಿಸಿದ್ದರು. ಅದರಲ್ಲಿ ಖಾಯಂ ಪಾರ್ಟಿಯೂ ಇಲ್ಲ, ನಿಗದಿ ದಿನವೂ ಇಲ್ಲ. ಬಿಡುವಿದ್ದವರು ಸೇರಿ, ಎಲ್ಲಿಗೆ ಹೋಗಬೇಕಂತ ತಾವೇ ತೀರ್ಮಾನಿಸಿ ಡಿಎಂಗೆ ತಿಳಿಸೋದು. ಊರು ಸುರಕ್ಷಿತ, ದೂರ ಹೋದಷ್ಟೂ ಅಪಾಯ. ಕಂಡ ಜಾಗವನ್ನೆಲ್ಲ ಊರಿನ ಹೋಟೆಲಿನ ಮೇಜಿನ ಮೇಲಿರುವ ನಕ್ಷೆಗೆ ಸೇರಿಸ್ತಿದ್ದರು, ಎಲ್ಲರಿಗೂ ಅದೊಂದೇ ನಕ್ಷೆ. ಆ ಮೇಜನ್ನು ನಾನು ಕದ್ದಿದೀನಿ. ಉಳಿದದ್ದು ನಮಗೆ ಆಗಲಿಲ್ಲ, ‘ನೀವೇ ತೀರ್ಮಾನ ಮಾಡಿ’ ಅಂದ್ರೆ ನಮ್ಮವರು ಮೂರು ವಾರ ‘ನೋಡೋಣ’ ಅಂತಲೇ ಕಳೀತಾರೆ.

ವರ್ಷಕ್ಕೊಮ್ಮೆ, ಎಳ್ಳಮಾವಾಸ್ಯೆ ಜಾತ್ರೆಗೆ ಎಲ್ಲರೂ ಊರಿಗೆ ಬಂದಾಗ, ಲೋಕದಲ್ಲೂ ಜಾತ್ರೆ. ಎರಡೂ ಪಾರ್ಟಿ ಒಟ್ಟಿಗೆ, ಇಬ್ಬರು ಡಿಎಂ. ಕಾಳಗ ಇಡಬೇಡಿ, ನಾಲ್ಕು ಸುತ್ತಿಗೇ ರಾತ್ರಿ ಊಟ ತಣ್ಣಗಾಗುತ್ತೆ. ವ್ಯಾಪಾರ, ಪಂಚಾಯ್ತಿ, ಹಳೇ ಸಾಲ, ಇಷ್ಟು ಇಡಿ ಸಾಕು.

ಹೊಸನಗರದವರು, ಸದ್ಯ ಬೆಂಗಳೂರು

ನನ್ನದು ಬೇರೆ ಮಾತು. ಒಬ್ಬರೇ ಡಿಎಂ, ಕೆಲಸಕ್ಕೂ ಹೋಗ್ತೀರಿ. ಎರಡು ಪಾರ್ಟಿಯನ್ನು ಒಂದೇ ಕಾಲದಲ್ಲಿ ಯಾಕೆ ಇಡ್ತೀರಿ? ಕೆಳದಿ ಅರಸರ ರಾಜಧಾನಿ ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಆಮೇಲೆ ಬಿದನೂರು. 1763ರಲ್ಲಿ ಹೈದರಾಲಿ ಅದನ್ನು ಗೆದ್ದ. ಒಂದೇ ರಾಜ್ಯ, ಮೂರು ರಾಜಧಾನಿ. ನಾನು ಹಾಗೇ ಮಾಡಿದೆ: ಮೊದಲ ಪಾರ್ಟಿ ಹಳೇ ರಾಜಧಾನಿ ಕಾಲದ್ದು, ಎರಡನೆಯದು ಅರವತ್ತು ವರ್ಷ ಈಚಿನದು. ಮೊದಲನೆಯವರಲ್ಲಿ ಒಬ್ಬಳು ಸೇತುವೆ ಕಾಯುತ್ತಾ ಸತ್ತಳು. ಎರಡನೆಯವರಿಗೆ ಆ ಜಾಗದಲ್ಲಿ ಪಾಚಿ ಹಿಡಿದ ವೀರಗಲ್ಲು ಸಿಕ್ಕಿತು. ಮೇಲಿನ ಪಟ್ಟಿಯಲ್ಲಿ ಅಪ್ಸರೆಯರ ಮಧ್ಯೆ ಅವಳೇ, ಕೈಯಲ್ಲಿ ಮುರಿದ ಬಿಲ್ಲು. ಫೋಟೋ ತೆಗೆದ ಹಾಗೆ ವರ್ಣಿಸಿ ಅವಳ ಆಟಗಾರ್ತಿಗೆ ಕಳಿಸಿದೆ. ಅವಳು ಆಫೀಸಲ್ಲೇ ಅತ್ತಳಂತೆ.

ಸಾಗರದಿಂದ

ವೀರಗಲ್ಲು ಚೆನ್ನಾಗಿದೆ, ಒಪ್ಪಿದೆ. ಆದ್ರೆ ಅದರಲ್ಲಿ ಈಚೆಯವರು ಆಚೆಯವರಿಗೆ ಏನೂ ಮಾಡೋ ಹಾಗಿಲ್ಲ. ಬುಧವಾರದವರು ಸುಟ್ಟ ಉಗ್ರಾಣದಿಂದ ಭಾನುವಾರದವರಿಗೆ ಅಕ್ಕಿ ತುಟ್ಟಿಯಾಗಬೇಕು, ನನಗೆ ಮಜಾ ಇರೋದೇ ಅಲ್ಲಿ. ತಲೆನೋವು ಜಾಸ್ತಿ, ಅದೂ ನಿಜ.

ಶಿವಮೊಗ್ಗದಿಂದ

ಎಲ್ಲರಿಗೂ ಧನ್ಯವಾದ. ಇನ್ನೊಂದು ತೊಡಕು. ನಮ್ಮ ಐವರಲ್ಲಿ ಒಬ್ಬ ಎರಡೂ ಪಾರ್ಟಿಯಲ್ಲಿ ಆಡ್ತೀನಿ ಅಂತ ಹಠ ಹಿಡಿದಿದಾನೆ. ಆಚೆ ಕೇಳಿದ್ದನ್ನ ಈಚೆ ಬಳಸಿದ್ರೆ?

ತೀರ್ಥಹಳ್ಳಿಯಿಂದ

ತಾಳಮದ್ದಳೆಗೆ ಕರ್ಕೊಂಡು ಹೋಗಿ ಮಾರಾಯ್ರೆ. ಅರ್ಥ ಹೇಳುವವರಿಗೆ ಪ್ರಸಂಗದ ಕೊನೆ ಗೊತ್ತಿರುತ್ತೆ, ಕೇಳುವವರಿಗೂ ಗೊತ್ತು. ಆದ್ರೂ ವಾಲಿವಧೆಯಲ್ಲಿ ವಾಲಿ ಬರೋದು ಮರದ ಮರೆಯಲ್ಲಿ ಯಾರಿದ್ದಾರೆ ಅನ್ನೋದು ಗೊತ್ತಿಲ್ಲದವನ ಹಾಗೇ. ಆ ಹುಡುಗನಿಗೆ ಇಷ್ಟು ಬಂದರೆ ಎರಡೂ ಕಡೆ ಸೇರಿಸಿ. ನಿಮಗೆ ಒಬ್ಬ ಸುದ್ದಿಗಾರ ಪುಕ್ಕಟೆ ಸಿಕ್ಕಿದ ಹಾಗಾಯ್ತು.

ಸಾಗರದಿಂದ

ಸೇರಿಸಿ, ಆದ್ರೆ ಒಂದು ಷರತ್ತು: ಅವನ ಎರಡು ಪಾತ್ರಗಳು ಒಬ್ಬರಿಗೊಬ್ಬರು ಸಾಮಾನು, ದುಡ್ಡು ದಾಟಿಸೋ ಹಾಗಿಲ್ಲ. ನಮ್ಮಲ್ಲಿ ಒಬ್ಬ ತನ್ನ ಮಾಂತ್ರಿಕ ಉಂಗುರವನ್ನು ಊರ ಬಾವಿಗೆ ‘ಕೈಜಾರಿ’ ಬೀಳಿಸಿದ. ನಾಲ್ಕೇ ದಿನಕ್ಕೆ ಆಚೆ ಪಾರ್ಟಿಯ ಅವನ ಕುಳ್ಳನಿಗೆ ಎಲ್ಲಿಲ್ಲದ ನೀರಡಿಕೆ.

ಮತ್ತೆ ಭದ್ರಾವತಿಯವರಿಗೆ ಮೊದಮೊದಲು ಹದಿನೈದು ದಿನಕ್ಕೊಂದು ಸೆಷನ್ ಸಾಕು. ಎರಡನ್ನೂ ವಾರವಾರ ಅಂತ ಶುರು ಮಾಡಿ ನಾನು ಆರನೇ ವಾರ ಜ್ವರ ಅಂತ ಸುಳ್ಳು ಹೇಳಿ ಮಲಗಿದ್ದೆ.

ಶಿವಮೊಗ್ಗದಿಂದ

ಹದಿನೈದು ದಿನಕ್ಕೊಂದು ಅಂತಲೇ ಹೇಳಿದೆ, ಒಪ್ಪಿದರು. ಗಾಂಧಿ ಬಜಾರಿನಿಂದ ಉದ್ದನೆ ಕಿರ್ದಿ ಪುಸ್ತಕ ತಂದಿದೀನಿ, ಕೆಂಪು ರಟ್ಟಿನದ್ದು. ನನ್ನ ಲೋಕದಲ್ಲಿ ದೋಣಿ ಇಲ್ಲ, ಆದ್ರೆ ಸುಂಕದ ಕಟ್ಟೆಯಲ್ಲಿ ಒಬ್ಬ ಮುದುಕ ಇದ್ದಾನೆ. ಎರಡೂ ಪಾರ್ಟಿ ಅವನ ಮುಂದೆಯೇ ದಾಟಬೇಕು. ಖಾತೆಯ ಮೊದಲ ಪುಟ ಅವನ ಹೆಸರಿಗೆ ಬರೆದೆ. ಒಡಹುಟ್ಟಿದವರು: ಇಲ್ಲ.